ರೈಲು ಹಳಿಯೇ ಗಡಿಯಾದ ಊರು: ಕೊಬಾನಿಯ ಹಿಂದಿನ ನೂರು ವರ್ಷ

2014ರ ಅಕ್ಟೋಬರ್ ಮೊದಲ ವಾರ. ಟರ್ಕಿಯ ಸುರುಚ್ ಪಟ್ಟಣದ ಆಚೆಗಿನ ದಿಬ್ಬಗಳ ಮೇಲೆ ಜನ ಬೈನಾಕ್ಯುಲರ್ ಹಿಡಿದು ನಿಂತಿದ್ದರು. ಗಡಿ ಬೇಲಿಯ ಆ ಕಡೆ, ಸಿರಿಯಾದ ಕೊಬಾನಿಯಿಂದ ದಟ್ಟ ಹೊಗೆ ಏಳುತ್ತಿತ್ತು. ನೋಡುತ್ತಿದ್ದವರಲ್ಲಿ ಎಷ್ಟೋ ಮಂದಿಗೆ ಅದು ಸ್ವಂತ ಊರು. ಮಕ್ಕಳು, ಅಣ್ಣತಮ್ಮಂದಿರು ಒಳಗೆ ಬಂದೂಕು ಹಿಡಿದು ಕೂತಿದ್ದರು. ಹತ್ತಿರದಲ್ಲೇ ಟರ್ಕಿ ಸೇನೆಯ ಟ್ಯಾಂಕುಗಳು ಸಾಲಾಗಿ ನಿಂತಿದ್ದವು. ಒಂದೂ ಕದಲಲಿಲ್ಲ.

ಕಣ್ಣೆದುರೇ ಒಂದು ಊರು ಉಗ್ರರ ಕೈಗೆ ಜಾರುತ್ತಿರುವಾಗ ಪಕ್ಕದ ದೇಶ ಯಾಕೆ ಸುಮ್ನೆ ನಿಂತಿತ್ತು? ಇಸ್ಲಾಮಿಕ್ ಸ್ಟೇಟ್ ಅಂದರೆ ಐಎಸ್ ಹುಟ್ಟಿದ ಕಥೆಯಿಂದ ಶುರು ಮಾಡಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಕೊಬಾನಿಯ ಯುದ್ಧದ ಬೇರು ಇರುವುದು ಆ ಗಡಿಯಲ್ಲೇ.

ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಬರ್ಲಿನ್‌ನಿಂದ ಬಾಗ್ದಾದ್‌ಗೆ ರೈಲು ಹಾದಿ ಹಾಕುತ್ತಿದ್ದಾಗ ಇಲ್ಲೊಂದು ಸ್ಟೇಷನ್ ಬಂತು. ಅದರ ಸುತ್ತ ಊರು ಬೆಳೆಯಿತು. ಸುತ್ತಲಿನ ಹಳ್ಳಿಗಳಿಂದ ಕುರ್ದರು, ಅಂದರೆ ಸ್ವಂತ ಭಾಷೆಯಿದ್ದೂ ಸ್ವಂತ ದೇಶವಿಲ್ಲದ ಸಮುದಾಯದವರು, ಬಂದರು. 1915ರ ಹತ್ಯಾಕಾಂಡದಲ್ಲಿ ಬದುಕುಳಿದ ಅರ್ಮೇನಿಯನ್ನರೂ ಇಲ್ಲಿ ನೆಲೆ ಕಂಡುಕೊಂಡರು. ಈ ಪ್ರದೇಶವನ್ನು ಆಳುತ್ತಿದ್ದ ಒಟ್ಟೊಮನ್ ಸಾಮ್ರಾಜ್ಯ ಮೊದಲ ಮಹಾಯುದ್ಧದಲ್ಲಿ ಸೋತ ಮೇಲೆ, 1920ರ ಸೇವ್ರ್ ಒಪ್ಪಂದ ಕುರ್ದರಿಗೆ ಸ್ವಾಯತ್ತತೆಯ ಮಾತು ಕೊಟ್ಟಿತು. 1923ರ ಲೋಸಾನ್ ಒಪ್ಪಂದದಲ್ಲಿ ಆ ಮಾತೇ ಇರಲಿಲ್ಲ. ಅಷ್ಟರಲ್ಲಿ, ಸಿರಿಯಾವನ್ನು ಆಗ ಆಳುತ್ತಿದ್ದ ಫ್ರಾನ್ಸ್ ಮತ್ತು ಟರ್ಕಿ ಸೇರಿ ಈ ರೈಲು ಹಳಿಯನ್ನೇ ಗಡಿ ಮಾಡಿಕೊಂಡಿದ್ದವು. ಸ್ಟೇಷನ್ ಟರ್ಕಿಗೆ, ಊರು ಸಿರಿಯಾಕ್ಕೆ. ಒಂದೇ ಮನೆತನದವರು ಎರಡು ದೇಶದವರಾದರು. ಕುರ್ದರು ಟರ್ಕಿ, ಇರಾಕ್, ಇರಾನ್, ಸಿರಿಯಾಗಳಲ್ಲಿ ಹಂಚಿಹೋದರು. ನಾಲ್ಕೂ ಕಡೆ ಅವರು ಅಲ್ಪಸಂಖ್ಯಾತರು.

ಸಿರಿಯಾದಲ್ಲಿ ಅವರ ಪಾಡು ಹೇಗಿತ್ತು ಅನ್ನೋದಕ್ಕೆ ಒಂದೇ ಒಂದು ದಿನದ ಲೆಕ್ಕ ಸಾಕು. 1962ರಲ್ಲಿ ಹಸಕಾ ಪ್ರಾಂತ್ಯದಲ್ಲಿ ಸರ್ಕಾರ ಒಂದೇ ದಿನದಲ್ಲಿ ಜನಗಣತಿ ಮುಗಿಸಿತು. 1945ಕ್ಕಿಂತ ಮುಂಚಿನಿಂದ ಅಲ್ಲಿದ್ದೇವೆ ಅಂತ ದಾಖಲೆ ತೋರಿಸಲಾಗದವರ ಪೌರತ್ವ ಹೋಯಿತು. ಸುಮಾರು 1,20,000 ಕುರ್ದರು ಹೀಗೆ ತಮ್ಮ ನೆಲದಲ್ಲೇ ಪರದೇಶಿಗಳಾದರು. ಪೌರತ್ವ ಇಲ್ಲದವರ ಮಕ್ಕಳಿಗೂ ಪೌರತ್ವ ಸಿಗಲಿಲ್ಲ. ಶಾಲೆಯಲ್ಲಿ ಕುರ್ದಿ ಭಾಷೆ ಕಲಿಸುವಂತಿರಲಿಲ್ಲ.

ಗಡಿಯಾಚೆ ಟರ್ಕಿಯಲ್ಲಿ ಕುರ್ದರ ಪಿಕೆಕೆ (ಕುರ್ದಿಸ್ತಾನ್ ಕಾರ್ಮಿಕರ ಪಕ್ಷ) ಸಂಘಟನೆ 1984ರಲ್ಲಿ ಸಶಸ್ತ್ರ ಹೋರಾಟಕ್ಕೆ ಇಳಿಯಿತು. ಆ ಸಂಘರ್ಷದಲ್ಲಿ ಸುಮಾರು 40,000 ಜನ ಸತ್ತರು. ಅದರ ನಾಯಕ ಅಬ್ದುಲ್ಲಾ ಒಜಲಾನ್ ವರ್ಷಗಟ್ಟಲೆ ಇದ್ದದ್ದು ಸಿರಿಯಾದಲ್ಲೇ. ತನ್ನ ಕುರ್ದರನ್ನು ಹತ್ತಿಕ್ಕುತ್ತಿದ್ದ ಸಿರಿಯಾ ಸರ್ಕಾರ ಟರ್ಕಿಯ ಕುರ್ದ್ ಬಂಡುಕೋರರಿಗೆ ಆಸರೆ ಕೊಟ್ಟಿತ್ತು. 1998ರಲ್ಲಿ ಟರ್ಕಿ ಯುದ್ಧದ ಬೆದರಿಕೆ ಹಾಕಿದ ಮೇಲೆ ಸಿರಿಯಾ ಒಜಲಾನ್ ಅವರನ್ನು ಹೊರಗೆ ಹಾಕಿತು. ಅವರ ವಿಚಾರಧಾರೆ ಮಾತ್ರ ಅಲ್ಲೇ ಉಳಿಯಿತು. 2003ರಲ್ಲಿ ಅದೇ ದಾರಿಯ ಪಿವೈಡಿ ಪಕ್ಷ ಸಿರಿಯಾದಲ್ಲಿ ಹುಟ್ಟಿತು. ಅದರ ಜೊತೆ ಬೆಳೆದ ಪಡೆ ವೈಪಿಜಿ.

ಸಿರಿಯಾದ ಅಂತರ್ಯುದ್ಧದಲ್ಲಿ ಸಿಕ್ಕಿಬಿದ್ದ ಅಧ್ಯಕ್ಷ ಅಸಾದ್ ಅವರ ಸೇನೆ 2012ರ ಜುಲೈನಲ್ಲಿ ಕುರ್ದ್ ಪ್ರದೇಶಗಳಿಂದ ಹಿಂದೆ ಸರಿಯಿತು. ವೈಪಿಜಿ ಮೊದಲು ಹಿಡಿದುಕೊಂಡದ್ದು ಕೊಬಾನಿಯನ್ನು. 2014ರ ಜನವರಿಯಲ್ಲಿ ಅಲ್ಲಿ ಸ್ವಾಯತ್ತ ಆಡಳಿತ ಘೋಷಣೆಯಾಯಿತು. ಆಡಳಿತದ ಮುಖ್ಯ ಹುದ್ದೆಗಳಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಜೊತೆಯಾಗಿ ಕೂರಬೇಕು ಅನ್ನುವ ಪದ್ಧತಿ ಬಂತು. ಹೆಂಗಸರದ್ದೇ ಆದ ವೈಪಿಜೆ ಪಡೆಯೂ ಇತ್ತು. ಜಗತ್ತಿನ ಪತ್ರಿಕೆಗಳು ಆಮೇಲೆ ಆ ಹುಡುಗಿಯರ ಜಡೆ, ನಗು, ಬಂದೂಕಿನ ಫೋಟೋಗಳನ್ನು ಬೇಕಾದಷ್ಟು ಹಾಕಿದವು. ಅವರು ಯಾವ ರೀತಿಯ ಸಮಾಜಕ್ಕಾಗಿ ಸಾಯಲು ತಯಾರಿದ್ದರು ಅನ್ನುವುದನ್ನು ಬರೆದದ್ದು ಕಡಿಮೆ. ಇದು ಆ ಹೆಂಗಸರಿಗೆ ಮಾಡಿದ ಅನ್ಯಾಯ ಎಂದೇ ನನಗನಿಸುತ್ತದೆ.

2014ರ ಜೂನ್‌ನಲ್ಲಿ ಐಎಸ್ ಇರಾಕಿನ ಮೊಸುಲ್ ನಗರವನ್ನು ಹಿಡಿಯಿತು. ಇರಾಕಿ ಸೇನೆ ಬಿಟ್ಟು ಓಡಿದ ಅಮೆರಿಕನ್ ವಾಹನ, ಶಸ್ತ್ರಗಳು ಅದರ ಪಾಲಾದವು. ಸೆಪ್ಟೆಂಬರ್ ಮಧ್ಯದಲ್ಲಿ ಅದು ಕೊಬಾನಿಯ ಮೇಲೆ ಬಿತ್ತು. ಮೂರು ದಿಕ್ಕಿನಲ್ಲಿ ಐಎಸ್, ನಾಲ್ಕನೆಯದರಲ್ಲಿ ಟರ್ಕಿಯ ಬೇಲಿ. ಕೆಲವೇ ದಿನಗಳಲ್ಲಿ ನೂರಾರು ಹಳ್ಳಿಗಳು ಹೋದವು. ಲಕ್ಷಕ್ಕೂ ಜಾಸ್ತಿ ಜನ ಗಡಿ ದಾಟಿದರು. ಒಳಗೆ ಉಳಿದ ಹೋರಾಟಗಾರರ ಹತ್ತಿರ ಇದ್ದದ್ದು ಹೆಚ್ಚಾಗಿ ರೈಫಲ್ಲು, ಮೆಷಿನ್ ಗನ್ನು. ಐಎಸ್ ಟ್ಯಾಂಕು, ಫಿರಂಗಿ ತಂದಿತ್ತು.

ಅಕ್ಟೋಬರ್ 6ರಂದು ಊರಿನ ಪೂರ್ವದಲ್ಲಿ ಐಎಸ್ ಬಾವುಟ ಹಾರಿತು. ಮರುದಿನ ಟರ್ಕಿ ಅಧ್ಯಕ್ಷ ಎರ್ದೊಆನ್, ಕೊಬಾನಿ ಇನ್ನೇನು ಬೀಳಲಿದೆ ಎಂದರು. ಟರ್ಕಿಯ ಲೆಕ್ಕದಲ್ಲಿ ವೈಪಿಜಿ ಎಂದರೆ ಪಿಕೆಕೆಯೇ. ಅದನ್ನು ಉಳಿಸುವ ಮನಸ್ಸು ಟರ್ಕಿಗಿರಲಿಲ್ಲ. ಆ ದಿನಗಳಲ್ಲಿ ಟರ್ಕಿಯ ಕುರ್ದರು ಬೀದಿಗಿಳಿದರು. ಗಲಭೆಗಳಲ್ಲಿ 30ಕ್ಕೂ ಹೆಚ್ಚು ಜನ ಸತ್ತರು. ಅಮೆರಿಕವೂ ಶುರುವಿನಲ್ಲಿ ಕೊಬಾನಿ ತನ್ನ ಮುಖ್ಯ ಗುರಿ ಅಲ್ಲ ಎನ್ನುವ ಧಾಟಿಯಲ್ಲೇ ಮಾತಾಡಿತು.

ಹೋರಾಟ ಬೀದಿ ಬೀದಿಗೆ, ಮನೆ ಮನೆಗೆ ಬಂತು. ಹೊರಗೆ ತಲೆ ಹಾಕಿದರೆ ಸ್ನೈಪರ್ ಗುಂಡು. ಅದಕ್ಕೆ ಹೋರಾಟಗಾರರು ಕಟ್ಟಡಗಳ ನಡುವೆ ಅಡ್ಡಲಾಗಿ ಮನೆಯ ಬೆಡ್‌ಶೀಟು, ಕಂಬಳಿಗಳನ್ನು ಕಟ್ಟಿದರು. ಬಟ್ಟೆ ಗುಂಡನ್ನು ತಡೆಯುವುದಿಲ್ಲ, ಆದರೆ ಯಾರು ಯಾವಾಗ ದಾಟುತ್ತಾರೆ ಅಂತ ಕಾಣಿಸುವುದಿಲ್ಲ ಅಲ್ವಾ? ಗೋಡೆಗೆ ಕನ್ನ ಕೊರೆದು ಮನೆಯಿಂದ ಮನೆಗೆ ಹೋಗುತ್ತಿದ್ದರು.

ಇಡೀ ಜಗತ್ತಿನ ಕ್ಯಾಮೆರಾಗಳು ಗಡಿಯ ದಿಬ್ಬದ ಮೇಲಿದ್ದವು. ಊರು ಬೀಳಲಿಲ್ಲ. ಅಮೆರಿಕದ ಧೋರಣೆ ಬದಲಾಯಿತು. ಅಕ್ಟೋಬರ್ 20ರ ಹೊತ್ತಿಗೆ ಅದರ ವಿಮಾನಗಳು ಇರಾಕಿ ಕುರ್ದರು ಕೊಟ್ಟ ಶಸ್ತ್ರ, ಮದ್ದುಗುಂಡು, ಔಷಧಿಗಳನ್ನು ಮೇಲಿಂದ ಇಳಿಸಿದವು. ತಿಂಗಳ ಕೊನೆಗೆ ಸುಮಾರು 150 ಇರಾಕಿ ಕುರ್ದ್ ಪೆಶ್‌ಮರ್ಗಾ ಸೈನಿಕರು ಫಿರಂಗಿಗಳ ಜೊತೆ ಟರ್ಕಿಯ ಮೂಲಕವೇ ಬಂದರು. ಅಸಾದ್ ವಿರುದ್ಧ ಹೋರಾಡುತ್ತಿದ್ದ ಸ್ವತಂತ್ರ ಸಿರಿಯಾ ಸೇನೆಯ ಒಂದು ಸಣ್ಣ ಅರಬ್ ತುಕಡಿಯೂ ಸೇರಿಕೊಂಡಿತು. ಬರೀ ಅಮೆರಿಕದ ವಿಮಾನಗಳು ಹಾಕಿದ ಬಾಂಬಿನಿಂದ ಊರು ಉಳಿಯಿತು ಎನ್ನುವುದು ತಪ್ಪು. ಬಾಂಬ್ ಎಲ್ಲಿ ಬೀಳಬೇಕು ಎಂದು ನೆಲದ ಮೇಲಿದ್ದವರು ತಿಳಿಸುತ್ತಿದ್ದರು. ಅವರು ಜಾಗ ಬಿಟ್ಟು ಹೋಗಿದ್ದರೆ ವಿಮಾನಗಳಿಗೆ ಅಲ್ಲಿ ಕಾಯುವುದಕ್ಕೆ ಏನೂ ಉಳಿಯುತ್ತಿರಲಿಲ್ಲ.

2015ರ ಜನವರಿ 26ರಂದು ಐಎಸ್ ಅನ್ನು ಊರಿನಿಂದ ಹೊರಗಟ್ಟಲಾಯಿತು. ಬಹುಪಾಲು ಊರು ಅವಶೇಷವಾಗಿತ್ತು. ಅದೇ ಜೂನ್‌ನಲ್ಲಿ ವೇಷ ಮರೆಸಿಕೊಂಡು ನುಗ್ಗಿದ ಉಗ್ರರು 200ಕ್ಕೂ ಹೆಚ್ಚು ನಾಗರಿಕರನ್ನು ಕೊಂದರು. ಜುಲೈನಲ್ಲಿ, ಊರು ಕಟ್ಟಲು ನೆರವಾಗಲು ಹೊರಟಿದ್ದ 33 ಜನ ಸುರುಚ್‌ನ ಬಾಂಬ್ ದಾಳಿಯಲ್ಲಿ ಸತ್ತರು. ಸೆಪ್ಟೆಂಬರ್‌ನಲ್ಲಿ ಟರ್ಕಿಯ ಕಡಲತೀರದಲ್ಲಿ ಶವವಾಗಿ ಸಿಕ್ಕ ಪುಟ್ಟ ಮಗುವಿನ ಫೋಟೋ ನೆನಪಿದೆಯಲ್ಲ? ಆ ಮಗುವಿನ ಮನೆಯವರು ಕೊಬಾನಿಯವರು.

ಕೊಬಾನಿಯಲ್ಲಿ ಕುರ್ದರು, ಅರಬರು, ಅಮೆರಿಕನ್ನರ ನಡುವೆ ಶುರುವಾದ ಜೊತೆಗಾರಿಕೆಯಿಂದ ಮುಂದೆ ಕುರ್ದರ ಮುಂದಾಳತ್ವದ ಎಸ್‌ಡಿಎಫ್ (ಸಿರಿಯನ್ ಡೆಮಾಕ್ರಟಿಕ್ ಫೋರ್ಸಸ್) ಪಡೆ ಹುಟ್ಟಿತು. 2017ರಲ್ಲಿ ಐಎಸ್ ರಾಜಧಾನಿಯಂತಿದ್ದ ರಕ್ಕಾ, 2019ರ ಮಾರ್ಚ್‌ನಲ್ಲಿ ಅದರ ಕೊನೆಯ ನೆಲೆ ಬಾಘೂಜ್ ಬಿಡುಗಡೆಯಾದವು. ಅದೇ 2019ರ ಅಕ್ಟೋಬರ್‌ನಲ್ಲಿ ಅಮೆರಿಕ ಗಡಿಯಿಂದ ಸೈನಿಕರನ್ನು ತೆಗೆಯಿತು, ಟರ್ಕಿ ಸೇನೆ ಒಳಗೆ ಬಂತು. ಕೊಬಾನಿಯ ದಕ್ಷಿಣಕ್ಕಿದ್ದ ಸಿಮೆಂಟ್ ಕಾರ್ಖಾನೆ ಅಮೆರಿಕನ್ನರ ನೆಲೆಯಾಗಿತ್ತು. ಬಿಟ್ಟು ಹೋದ ಮೇಲೆ ಅಲ್ಲಿ ಉಳಿದ ಮದ್ದುಗುಂಡಿನ ಮೇಲೆ ಅವರೇ ಬಾಂಬ್ ಹಾಕಿದರು. ಸಾವಿರಾರು ಮಕ್ಕಳನ್ನು ಕಳೆದುಕೊಂಡ ಜನ ರಕ್ಷಣೆಗೆ ರಷ್ಯಾದ ಮತ್ತು ಅಸಾದ್‌ನ ಸೈನಿಕರ ಕಡೆ ನೋಡಬೇಕಾಯಿತು. ಅಮೆರಿಕ ಮಾಡಿದ್ದು ದ್ರೋಹ. ಬೇರೆ ಪದ ನನಗೆ ಸಿಗುತ್ತಿಲ್ಲ.

2024ರ ಡಿಸೆಂಬರ್‌ನಲ್ಲಿ ಅಸಾದ್ ಓಡಿಹೋದರು. 2025ರ ಮಾರ್ಚ್ 10ರಂದು ಹೊಸ ಅಧ್ಯಕ್ಷ ಅಹ್ಮದ್ ಅಲ್-ಶರಾ ಮತ್ತು ಕೊಬಾನಿ ಮೂಲದವರೇ ಆದ ಎಸ್‌ಡಿಎಫ್ ಮುಖ್ಯಸ್ಥ ಮಜ್ಲೂಮ್ ಅಬ್ದಿ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಕುರ್ದರ ಪಡೆ ಮತ್ತು ಆಡಳಿತ ಸಿರಿಯಾ ಸರ್ಕಾರದೊಳಗೆ ಸೇರಬೇಕು ಎನ್ನುವುದು ಅದರ ತಿರುಳು. ಕುರ್ದರು ಸಿರಿಯಾದ ಮೂಲ ಸಮುದಾಯ, ಅವರಿಗೆ ಪೌರತ್ವದ ಹಕ್ಕಿದೆ ಎಂದೂ ಅದರಲ್ಲಿ ಬರೆಯಬೇಕಾಯಿತು. ಹಸಕಾದ ಆ ಜನಗಣತಿ ನಡೆದು ಆಗಲೇ 60 ವರ್ಷಗಳ ಮೇಲಾಗಿತ್ತು.