ಫೋಟೋದ ಮೇಲೆ ಬಣ್ಣ ಹಚ್ಚಿದರೆ ಅದು ಚಿತ್ರಕಲೆಯೇ?

ಪ್ರಶ್ನೆ: ಕೆಲವು ಕಲಾವಿದರು ತಾವು ತೆಗೆದ ಫೋಟೋವನ್ನು ಕಂಪ್ಯೂಟರಿನಲ್ಲಿ ತಿದ್ದಿ, ಕ್ಯಾನ್ವಾಸಿನ ಮೇಲೆ ಮುದ್ರಿಸಿ, ಅದರ ಮೇಲೆ ಕುಂಚದಿಂದ ಬಣ್ಣ ಹಚ್ಚುತ್ತಾರೆ. ಅರ್ಧ ಕೆಲಸವನ್ನು ಯಂತ್ರವೇ ಮಾಡಿದ ಮೇಲೆ ಕಲಾವಿದರ ಪಾಲಿಗೆ ಉಳಿಯುವುದೇನು?

ಉತ್ತರ: ಕ್ಯಾಮೆರಾ ತನ್ನೆದುರಿಗೆ ಇದ್ದುದನ್ನೆಲ್ಲ ತಾರತಮ್ಯವಿಲ್ಲದೆ ಹಿಡಿದಿಡುತ್ತದೆ, ಅದರಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಮುಚ್ಚಬೇಕು ಎಂದು ತೀರ್ಮಾನಿಸುವುದೇ ಕಲಾವಿದರ ಪಾಲಿನ ಕೆಲಸ, ಮತ್ತು ಅದು ಸಣ್ಣ ಕೆಲಸವಲ್ಲ. ಈ ಬೆರಕೆ ಹೊಸದೂ ಅಲ್ಲ. ಛಾಯಾಗ್ರಹಣ ಆಗಷ್ಟೇ ಬಳಕೆಗೆ ಬಂದಿದ್ದ 1840ರ ದಶಕದಲ್ಲೇ ಡಾಗೆರೋಟೈಪ್ (ಬೆಳ್ಳಿ ಲೇಪಿಸಿದ ತಗಡಿನ ಮೇಲೆ ಮೂಡಿಸುತ್ತಿದ್ದ ಆರಂಭಕಾಲದ ಫೋಟೋ) ಭಾವಚಿತ್ರಗಳ ಕೆನ್ನೆಗೂ ಒಡವೆಗೂ ಕೈಯಿಂದ ಬಣ್ಣ ಕೊಡುವವರಿದ್ದರು. ಜರ್ಮನಿಯ ಗೆರ್ಹಾರ್ಡ್ ರಿಕ್ಟರ್ 1960ರ ದಶಕದಲ್ಲಿ ಫೋಟೋಗಳನ್ನು ನೋಡಿ ತೈಲವರ್ಣದಲ್ಲಿ ಚಿತ್ರಿಸಿ, ಬಣ್ಣ ಹಸಿಯಾಗಿರುವಾಗಲೇ ಅದರ ಮೇಲೆ ಒಣ ಕುಂಚ ಎಳೆದು ಅಂಚುಗಳನ್ನು ಮಸುಕುಗೊಳಿಸಿದರು. ಮುಂದೆ ಸಣ್ಣ ಫೋಟೋಗಳ ಮೇಲೆ ನೇರವಾಗಿಯೇ ಬಣ್ಣ ಬಳಿದರು.

ಕಂಪ್ಯೂಟರಿನ ಹಂತವನ್ನು ಬರಿಯ ತಿದ್ದುಪಡಿ ಎಂದುಕೊಳ್ಳುವವರೇ ಹೆಚ್ಚು. ವಾಸ್ತವದಲ್ಲಿ ಚಿತ್ರದ ರಚನೆ ನಡೆಯುವುದೇ ಅಲ್ಲಿ. 1990ರಲ್ಲಿ ಬಂದ, ಚಿತ್ರ ತಿದ್ದುವ ತಂತ್ರಾಂಶವಾದ ಫೋಟೋಶಾಪ್‌ಗೆ 1994ರಲ್ಲಿ ಪದರ ಅಥವಾ ಲೇಯರ್‌ಗಳು ಸೇರಿದ ನಂತರ, ಹಲವು ಫೋಟೋಗಳ ತುಣುಕುಗಳನ್ನು ಒಂದರ ಮೇಲೊಂದು ಇಟ್ಟು, ಸರಿಸಿ, ಬೇಡವಾದರೆ ಮೂಲಕ್ಕೆ ಧಕ್ಕೆಯಾಗದಂತೆ ಹಿಂದೆಗೆಯುವುದು ಸುಲಭವಾಯಿತು. ಆದರೆ ಒಂದು ಫೋಟೋದಲ್ಲಿ ಬೆಳಕು ಎಡದಿಂದಲೂ ಇನ್ನೊಂದರಲ್ಲಿ ಬಲದಿಂದಲೂ ಬಿದ್ದಿದ್ದರೆ ಎಷ್ಟು ನಾಜೂಕಾಗಿ ಕತ್ತರಿಸಿದರೂ ಜೋಡಣೆ ಸುಳ್ಳೆನಿಸುತ್ತದೆ. ಅನುಭವಿಗಳು ಚಿತ್ರವನ್ನು ಆಗಾಗ ಕಪ್ಪು-ಬಿಳುಪಿಗೆ ತಿರುಗಿಸಿ ನೋಡುವುದು ಇದಕ್ಕಾಗಿಯೇ: ಬಣ್ಣದ ಆಕರ್ಷಣೆ ಸರಿದಾಗ ನೆರಳು-ಬೆಳಕಿನ ದೋಷ ಎದ್ದು ಕಾಣುತ್ತದೆ.

ಮುದ್ರಣದಲ್ಲಿ ಎರಡು ತೊಡಕುಗಳಿವೆ. ಪರದೆ ಬೆಳಕನ್ನು ಹೊರಸೂಸುತ್ತದೆ, ಕ್ಯಾನ್ವಾಸ್ ಬಿದ್ದ ಬೆಳಕನ್ನು ಮರಳಿಸುತ್ತದೆ. ಹಾಗಾಗಿ ಪರದೆಯ ಮೇಲೆ ಹೊಳೆದ ನೀಲಿ ಮುದ್ರಣದಲ್ಲಿ ಮಂಕಾಗುವುದು ಸಹಜ. ಇನ್ನೊಂದು ಗಾತ್ರದ್ದು. 60×90 ಸೆಂಟಿಮೀಟರ್ ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಬೇಕೆಂದರೆ ಮೂಲ ಚಿತ್ರ ಸುಮಾರು 7,100×10,600 ಪಿಕ್ಸೆಲ್ ಇರಬೇಕು. ಮೇಲೆ ದಟ್ಟವಾಗಿ ಬಣ್ಣ ಬರುವುದಿದ್ದರೆ ಅದರರ್ಧ ಸಾಂದ್ರತೆಯೂ ಸಾಕಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಬಣ್ಣ ದ್ರವದಲ್ಲೇ ಕರಗಿರುವ ಡೈ ಶಾಯಿಯ ಮುದ್ರಣದ ಮೇಲೆ ನೀರು ಬೆರೆತ ಅಕ್ರಿಲಿಕ್ ಬಣ್ಣ ತಾಗಿದರೆ ಶಾಯಿ ಹರಡಬಹುದಾದ್ದರಿಂದ ಕರಗದ ಬಣ್ಣದ ಕಣಗಳಿರುವ ಪಿಗ್ಮೆಂಟ್ ಶಾಯಿಯೇ ಲೇಸು. ಅದರ ಮೇಲೂ ಪಾರದರ್ಶಕ ಅಕ್ರಿಲಿಕ್ ಮೀಡಿಯಂನ (ಬಣ್ಣ ಬೆರೆಸದ ಅಕ್ರಿಲಿಕ್ ದ್ರವದ) ತೆಳುವಾದ ಲೇಪ ಕೊಟ್ಟು, ಪೂರ್ತಿ ಒಣಗಿದ ಬಳಿಕ ಕುಂಚ ಹಿಡಿಯುವುದು ಕ್ಷೇಮ. ಅಕ್ರಿಲಿಕ್ ಮೇಲೆ ತೈಲವರ್ಣ ನಿಲ್ಲುತ್ತದೆ, ತೈಲವರ್ಣದ ಮೇಲೆ ಅಕ್ರಿಲಿಕ್ ನಿಲ್ಲದು.

ಇನ್ನು ಕುಂಚದ ವಿಷಯ. ಮುದ್ರಿತ ಗೆರೆಗಳ ಮೇಲೆಯೇ ವಿಧೇಯವಾಗಿ ಬಣ್ಣ ತುಂಬಿದ ಕೃತಿಗಳು ಈ ಪ್ರಕಾರದಲ್ಲಿ ಬೇಕಾದಷ್ಟಿವೆ, ಪ್ರಶ್ನೆಯಲ್ಲಿರುವ ಅನುಮಾನ ಅವುಗಳ ಮಟ್ಟಿಗೆ ನ್ಯಾಯವಾದದ್ದೇ. ಬಣ್ಣಕ್ಕೆ ನಿಜವಾದ ಕೆಲಸವಿರುವುದು ಫೋಟೋ ಸೋತ ಕಡೆ: ಕ್ಯಾಮೆರಾ ಬರಿಯ ಕಪ್ಪಾಗಿಸಿದ ನೆರಳಿನೊಳಗೆ, ಅಥವಾ ಹತ್ತಿರದ್ದೂ ದೂರದ್ದೂ ಒಂದೇ ಸಮನೆ ಚೂಪಾಗಿ ಬಂದು ಕಣ್ಣಿಗೆ ತಂಗುವ ಜಾಗವೇ ಇಲ್ಲದಂತಾದಲ್ಲಿ.

ಇಂಥ ಕೃತಿಯನ್ನು ಪ್ರದರ್ಶಿಸುವಾಗ ಅಥವಾ ಮಾರುವಾಗ ಮಾಧ್ಯಮವನ್ನು "ಕ್ಯಾನ್ವಾಸಿನ ಮೇಲೆ ಪಿಗ್ಮೆಂಟ್ ಮುದ್ರಣ ಮತ್ತು ಅಕ್ರಿಲಿಕ್" ಎಂದು ಸ್ಪಷ್ಟವಾಗಿ ನಮೂದಿಸಬೇಕು. ಫೋಟೋ ಬೇರೆಯವರದಾಗಿದ್ದರೆ ಅವರ ಅನುಮತಿಯನ್ನು ಮೊದಲೇ ಪಡೆದಿರಬೇಕು.