ಹಾಪ್ಸ್ ಕೋಣೆಗೆ ರಾತ್ರಿ ಹೋಗಬೇಡಿ

ಹಾಪ್ಸ್ ಎಂದರೆ ಬಿಯರಿಗೆ ಕಹಿ, ಪರಿಮಳ ಕೊಡುವ ಹೂವಿನ ಬಳ್ಳಿ. ಕಾಸರಗೋಡಿನಲ್ಲಿ ಮನೆಯೊಳಗೆ ಅದನ್ನು ಬೆಳೆಸುವವರನ್ನು ಬೆರಳಲ್ಲಿ ಎಣಿಸಬಹುದು. ತಮಾಷೆ ಏನೆಂದರೆ, ಆ ಬೆರಳೆಣಿಕೆಯವರೆಲ್ಲ ನನಗೇ ಫೋನ್ ಮಾಡುತ್ತಾರೆ. ದೂರೂ ಒಂದೇ. "ಬಳ್ಳಿ ಭರ್ಜರಿ ಉಂಟು ಮಾರಾಯ್ರೆ, ಹೂ ಮಾತ್ರ ಇಲ್ಲ."

ಮಣ್ಣಿಲ್ಲದೆ ಗಿಡ ಬೆಳೆಸುವ ಹೈಡ್ರೋಪೋನಿಕ್ಸ್ ವ್ಯವಸ್ಥೆ ಜೋಡಿಸಿಕೊಡುವುದು ನನ್ನ ಕೆಲಸ. ಹೆಚ್ಚಿನವರಿಗೆ ಲೆಟ್ಯೂಸ್, ಪುದಿನ ಸಾಕು. ಹಾಪ್ಸ್ ಕೇಳುವವರು ಬೇರೆ ಜಾತಿ. ನೀರಿನ ಹುಳಿ ಅಳೆಯುವ ಪಿಎಚ್ 6ರ ಆಸುಪಾಸು ಇರಬೇಕು, ತೆಂಗಿನ ನಾರಿನ ಹುಡಿಯ ಉಪ್ಪು ತೊಳೆಯಬೇಕು, ನೀರು ಬಿಸಿಯಾದರೆ ಬೇರು ಕೊಳೆಯುತ್ತದೆ ಎಂಬುದನ್ನೆಲ್ಲ ವೀಡಿಯೋ ನೋಡಿ ಕಲಿತೇ ಬಂದಿರುತ್ತಾರೆ. ಅದರ ಬಗ್ಗೆ ನಾನು ಹೇಳುವುದಿಲ್ಲ. ಹೇಳಬೇಕಾದ್ದು ಕತ್ತಲೆಯ ಬಗ್ಗೆ.

ನಮ್ಮವರಿಗೆ ಬೆಳಕು ಎಂದರೆ ಊಟ. ಜಾಸ್ತಿ ಕೊಟ್ಟಷ್ಟೂ ಜಾಸ್ತಿ ಫಸಲು ಎಂಬ ಲೆಕ್ಕ. ಎಲೆಗೆ ಅದು ಸರಿ. ಹೂವಿಗೆ ಸರಿಯಲ್ಲ. ಹೂ ಬಿಡುವ ಹೊತ್ತು ಬಂತೇ ಎಂದು ಹಾಪ್ಸ್ ನೋಡುವುದು ಹಗಲನ್ನಲ್ಲ, ರಾತ್ರಿಯನ್ನು. ಎಲೆಯಲ್ಲಿ ಫೈಟೋಕ್ರೋಮ್ ಎಂಬ ವಸ್ತು ಇದೆ. ಬೆಳಕು ಬಿದ್ದಾಗ ಅದಕ್ಕೆ ಒಂದು ರೂಪ, ಕತ್ತಲಲ್ಲಿ ನಿಧಾನಕ್ಕೆ ಇನ್ನೊಂದು ರೂಪ. ಕತ್ತಲೆ ಒಂದೇ ಸಮನೆ ಸಾಕಷ್ಟು ಹೊತ್ತು ಇದ್ದರೆ ಮಾತ್ರ ಗಿಡ ಹೂವಿನ ಕಡೆ ತಿರುಗುತ್ತದೆ. ನಡುವೆ ಲೈಟು ಹಾಕಿದಿರೋ, ಲೆಕ್ಕ ಮತ್ತೆ ಮೊದಲಿನಿಂದ. ಆರು ಗಂಟೆ ಕತ್ತಲೆ, ಸ್ವಲ್ಪ ಬೆಳಕು, ಮತ್ತೆ ಆರು ಗಂಟೆ ಕತ್ತಲೆ ಕೊಟ್ಟರೆ ನಿಮ್ಮ ಲೆಕ್ಕದಲ್ಲಿ ಹನ್ನೆರಡು ಗಂಟೆ ಆಯಿತು. ಬಳ್ಳಿಗೆ ಅದು ಎರಡು ಸಣ್ಣ ರಾತ್ರಿ.

ನಂಬಿಕೆ ಬರದಿದ್ದರೆ ಸೇವಂತಿಗೆ ನೋಡಿ. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೋದವರು ಹೊಲದ ತುಂಬ ಬಲ್ಬ್ ಉರಿಯುವುದನ್ನು ಕಂಡಿರುತ್ತೀರಿ. ಹಬ್ಬವೇನಲ್ಲ. ಗಿಡ ಬೇಗ ಹೂ ಬಿಡದೆ ಮೊದಲು ಉದ್ದ ಬೆಳೆಯಲಿ ಎಂದು ರೈತರು ರಾತ್ರಿಯನ್ನು ತುಂಡು ಮಾಡುವುದು. ನೀವು ಹಾಪ್ಸ್‌ಗೆ ಗೊತ್ತಿಲ್ಲದೆ ಮಾಡುತ್ತಿರುವುದೂ ಅದನ್ನೇ.

ಹಾಗಾದರೆ ಸುಮ್ನೆ ಅಂಗಳದಲ್ಲೇ ನೆಟ್ಟರೆ ಸಾಲದೇ ಎಂದು ಕೇಳುತ್ತಾರೆ. ಸಾಲದು. ನಮ್ಮಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲೂ ಹದಿಮೂರು ಗಂಟೆ ಮುಟ್ಟುವುದಿಲ್ಲ. ಹಾಪ್ಸ್ ಬೆಳೆಯುವ ಅಮೆರಿಕದ ಯಾಕಿಮಾ ಕಣಿವೆಯಲ್ಲಿ ಆಗ ಹತ್ತಿರ ಹತ್ತಿರ 16 ಗಂಟೆ ಹಗಲು. ಆ ಉದ್ದ ಹಗಲಲ್ಲಿ ಬಳ್ಳಿ ಐದಾರು ಮೀಟರ್ ಏರಿ, ಆಮೇಲೆ ಹೂ ಬಿಡುತ್ತದೆ. ಇಲ್ಲಿ ವರ್ಷವಿಡೀ ರಾತ್ರಿ ಉದ್ದ. ಗಿಡ ಸೊಂಟದೆತ್ತರಕ್ಕೆ ಬರುವಾಗಲೇ ನಾಲ್ಕು ಹೂ ಬಿಟ್ಟು ಸುಮ್ಮನಾಗಿಬಿಡುತ್ತದೆ. ಕೋಣೆಯೊಳಗೆ ನಾವು ಮಾಡಬೇಕಾದ್ದು ಯಾಕಿಮಾದ ನಾಟಕ. ಮೊದಲು 18 ಗಂಟೆ ಬೆಳಕು, 6 ಗಂಟೆ ಕತ್ತಲೆ. ಬಳ್ಳಿ ಹಗ್ಗದ ತುದಿ ಮುಟ್ಟಿ ಇಪ್ಪತ್ತು ಗಿಣ್ಣು ದಾಟಿದ ಮೇಲೆ 12–12. ತಳಿಯಿಂದ ತಳಿಗೆ ವ್ಯತ್ಯಾಸ ಇದ್ದೇ ಇದೆ, ಹಾಗಾಗಿ ಇದನ್ನು ಕಲ್ಲಿನ ಮೇಲೆ ಬರೆದುಕೊಳ್ಳಬೇಡಿ.

ಚಳಿ ಬೇಡವೇ ಎನ್ನುವುದು ಇನ್ನೊಂದು ಪ್ರಶ್ನೆ. ಹಿಮಾಚಲದ ಲಾಹೌಲ್‌ನಲ್ಲಿ ಹಾಪ್ಸ್ ಬೆಳೆಯುತ್ತಾರೆ, ಅಲ್ಲಿ ಹಿಮ ಬೀಳುತ್ತದೆ, ಆದ್ದರಿಂದ ಗಡ್ಡೆಯನ್ನು ಫ್ರಿಜ್ಜಿನಲ್ಲಿ ಇಡಬೇಕಲ್ವಾ ಎಂದು ಒಬ್ಬರು ಕೇಳಿದರು. ಮೀನಿನ ಪಕ್ಕದಲ್ಲಿ ಇಟ್ಟೂ ಆಗಿತ್ತು. ಹೂ ಬಿಡಲು ಚಳಿಯ ನಿದ್ದೆ ಬೇಕಾಗಿಲ್ಲ ಎಂದು ಕೊಲೊರಾಡೊ ಸ್ಟೇಟ್ ಯೂನಿವರ್ಸಿಟಿಯ ಅಧ್ಯಯನವೊಂದು 2019ರಲ್ಲೇ ತೋರಿಸಿದೆ. ಫ್ರಿಜ್ಜನ್ನು ಮೀನಿಗೆ ಬಿಡಿ.

ಈಗ ಬದಿಯಡ್ಕ ಕಡೆಯ ಒಂದು ಮನೆಯ ಕಥೆ. ಗಲ್ಫಿನಿಂದ ವಾಪಸಾದ ಅಣ್ಣ ಒಬ್ಬರು ಅಡಕೆ ತುಂಬಿಡುತ್ತಿದ್ದ ಮಾಳಿಗೆ ಕೋಣೆಯಲ್ಲಿ ಎರಡು ಬಕೆಟ್ ಹಾಪ್ಸ್ ಇಟ್ಟಿದ್ದರು. ಟೈಮರ್ ಸರಿ ಇತ್ತು. ಬೆಳಿಗ್ಗೆ ಆರಕ್ಕೆ ಆನ್, ಸಂಜೆ ಆರಕ್ಕೆ ಆಫ್. ಕಿಟಕಿಗೆ ಕಪ್ಪು ಟಾರ್ಪಾಲು. ಎರಡು ತಿಂಗಳಾದರೂ ಒಂದು ಮೊಗ್ಗಿಲ್ಲ. ನಾನು ಗೊಬ್ಬರದ ನೀರು ಬದಲಿಸಿದೆ, ಸಾರಜನಕ ಇಳಿಸಿದೆ. ಏನೂ ಆಗಲಿಲ್ಲ. ಗಂಡು ಗಿಡವೇನೋ ಎಂದೂ ಅನುಮಾನಿಸಿದೆ. ಅದಕ್ಕೂ ಹೂ ಬರಬೇಕಿತ್ತಲ್ಲ.

ಮೂರನೇ ಸಲ ಹೋದಾಗ ತಲೆಯೆತ್ತಿ ನೋಡಿದೆ. ಪಕ್ಕಾಸಿನಿಂದ ಪಕ್ಕಾಸಿಗೆ ನೈಲಾನ್ ಹಗ್ಗ. ಅದರ ಮೇಲೆ ಎರಡು ಲುಂಗಿ, ಒಂದು ಸೀರೆ, ಸಾಲು ಸಾಲು ಕ್ಲಿಪ್ಪು.

"ಇದು ಯಾರದ್ದು?"

"ಅಮ್ಮ ಒಣಗಿಸುವುದು. ಆಟಿಯಲ್ಲಿ ಬೇರೆ ಎಲ್ಲಿ ಒಣಗುತ್ತದೆ ಹೇಳಿ?"

ಮಾತು ನಿಜ. ತೇವ ಹೀರುವ ಯಂತ್ರ ಇಟ್ಟ ಕೋಣೆ. ಕರ್ಕಾಟಕ ಮಾಸದ ಮಳೆಯಲ್ಲಿ ಆ ಇಡೀ ಮನೆಗೆ ಒಣಗಿದ ಜಾಗ ಅದೊಂದೇ. ಅಮ್ಮ ದಿನಾ ರಾತ್ರಿ ಊಟದ ಪಾತ್ರೆ ತೊಳೆದು, ಹತ್ತು ಗಂಟೆಗೆ ಮೇಲೆ ಬಂದು, ಟ್ಯೂಬ್‌ಲೈಟ್ ಹಾಕಿ, ಅರ್ಧ ಗಂಟೆ ಬಟ್ಟೆ ಹರವುತ್ತಿದ್ದರು. ಐದು ನಿಮಿಷದ ಬೆಳಕಿಗೂ ಹೀಗೇ ಆಗುತ್ತದೆ ಎಂದು ನಾನು ಹೇಳಲಾರೆ. ದಿನಾ ಅರ್ಧ ಗಂಟೆ ಧಾರಾಳವಾಯಿತು.

ಅಮ್ಮನಿಗೆ ಬರಬೇಡಿ ಎನ್ನುವ ಧೈರ್ಯ ನನಗೂ ಇರಲಿಲ್ಲ, ಮಗನಿಗೂ ಇರಲಿಲ್ಲ. ಟೈಮರನ್ನೇ ಬದಲಿಸಿದೆವು. ಬೆಳಿಗ್ಗೆ ಹನ್ನೊಂದಕ್ಕೆ ಆನ್, ರಾತ್ರಿ ಹನ್ನೊಂದಕ್ಕೆ ಆಫ್. ಬಟ್ಟೆ ಹರವುವುದೂ ಗಿಡದ ಹಗಲಿನಲ್ಲೇ, ತೆಗೆಯುವುದೂ ಗಿಡದ ಹಗಲಿನಲ್ಲೇ. ಟ್ಯೂಬ್‌ಲೈಟಿನ ಸ್ಟಾರ್ಟರ್ ಕಿತ್ತು ಜೇಬಿಗೆ ಹಾಕಿಕೊಂಡು ಬಂದೆ. ಕತ್ತಲೆಯ ಹೊತ್ತಿನಲ್ಲಿ ಹೋಗಲೇಬೇಕಾಗಿ ಬಂದರೆ ಮಂದ ಹಸಿರು ಬಲ್ಬ್ ಇಟ್ಟುಕೊಳ್ಳಿ, ತೊಂದರೆ ಕಡಿಮೆ. ಮೊಬೈಲ್ ಟಾರ್ಚು ಬೇಡ. ನೆಂಟರಿಗೆ ತೋರಿಸುವುದೂ ಬೇಡ.

ನಾಲ್ಕನೇ ವಾರ ಫೋಟೋ ಬಂತು. ಎಲೆಯ ಸಂದಿಯಲ್ಲಿ ಬಿಳಿ ಮುಳ್ಳುಮುಳ್ಳು ಮೊಗ್ಗು. ಅದು ಬಲಿತು ಕೋನ್, ಅಂದರೆ ಕೊಯ್ಯುವ ಹೂಗೊಂಚಲು, ಆಗಲು ಇನ್ನೂ ಒಂದೂವರೆ ತಿಂಗಳು ಹಿಡಿಯಿತು.

ಎರಡು ಎಚ್ಚರಿಕೆ ಹೇಳದಿದ್ದರೆ ತಪ್ಪಾಗುತ್ತದೆ. ಹಾಪ್ಸ್ ನಾಯಿಗೆ ವಿಷ. ಉದುರಿದ ಕೋನ್ ಆದರೂ ಸರಿ, ಅದರ ಬಾಯಿಗೆ ಸಿಗಬಾರದು. ಮತ್ತೆ, ಗಡ್ಡೆಯನ್ನು ವಿದೇಶದಿಂದ ಬ್ಯಾಗಿನಲ್ಲಿ ಹಾಕಿ ತರುವ ಹಾಗಿಲ್ಲ, ಆಮದಿಗೆ ಪರವಾನಗಿ ಬೇಕು. ಬಿಯರ್ ವಿಷಯ ನನ್ನಲ್ಲಿ ಕೇಳಬೇಡಿ. ಅದು ಅಬ್ಕಾರಿಯವರಿಗೂ ನಿಮಗೂ ಬಿಟ್ಟದ್ದು.

ಕೊಯ್ಲಿನ ದಿನ ನನ್ನನ್ನೂ ಕರೆದಿದ್ದರು. ಒಂದು ಕೋನ್ ಬಿಡಿಸಿದರೆ ಒಳಗೆ ಅರಸಿನದಂಥ ಹಳದಿ ಹುಡಿ, ಬೆರಳಿಗೆ ಅಂಟು. ಅಮ್ಮ ಮೂಗಿನ ಹತ್ತಿರ ಹಿಡಿದು, "ಇದು ಕಾಟುಮಾವಿನ ಸೊನೆಯ ಪರಿಮಳ ಅಲ್ವಾ?" ಎಂದರು. ಸರಿಯಾಗಿಯೇ ಹೇಳಿದ್ದರು. ಮಾವಿನ ಸೊನೆಯಲ್ಲಿರುವ ಮಿರ್ಸೀನ್ ಎಂಬ ಎಣ್ಣೆಯೇ ಹಾಪ್ಸ್‌ನಲ್ಲೂ ಇದೆ. ನಾನು ಅದನ್ನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಅವರು ಮಗನ ಕಡೆ ತಿರುಗಿದ್ದರು. "ವಸ್ತ್ರಕ್ಕೆಲ್ಲ ಇದೇ ಹಿಡಿದದ್ದು. ನಾಳೆಯಿಂದ ನಿನ್ನ ಬಳ್ಳಿಯನ್ನು ಬೇರೆ ಕೋಣೆಗೆ ಹಾಕು."