ಗಿಳಿ ಗಂಡೋ ಹೆಣ್ಣೋ? ಉತ್ತರ ಗರಿಯ ಬುಡದಲ್ಲಿದೆ

ದಾರಕ್ಕೆ ಕಟ್ಟಿದ ಉಂಗುರವನ್ನು ಗಿಳಿಯ ತಲೆಯ ಮೇಲೆ ಹಿಡಿದು, ಸುತ್ತಿದರೆ ಹೆಣ್ಣು, ಹಿಂದೆ ಮುಂದೆ ಆಡಿದರೆ ಗಂಡು ಎನ್ನುವವರು ಇನ್ನೂ ಇದ್ದಾರೆ. ನಾಣ್ಯ ಚಿಮ್ಮಿದರೂ ಇಷ್ಟೇ ಸಲ ಸರಿಯಾಗುತ್ತದೆ. ಸೊಂಟದ ಮೂಳೆಗಳ ಸಂದನ್ನು ಬೆರಳಲ್ಲಿ ಮುಟ್ಟಿ ನೋಡುವುದೂ ನಂಬುವಂಥದ್ದಲ್ಲ: ಮೊಟ್ಟೆಯಿಡುವ ಹೊತ್ತಿಗೆ ಹೆಣ್ಣಿನ ಸಂದು ಅಗಲವಾಗುತ್ತದೆ ನಿಜ, ಆದರೆ ಎಳೆಯ ಹೆಣ್ಣಿನದು ಗಂಡಿನಷ್ಟೇ ಕಿರಿದು.

ಕೆಲವು ಜಾತಿಗಳಲ್ಲಿ ಬಣ್ಣವೇ ಹೇಳುತ್ತದೆ. ಎಕ್ಲೆಕ್ಟಸ್ ಗಿಳಿಯಲ್ಲಿ ಗಂಡು ಹಸಿರು, ಹೆಣ್ಣು ಕೆಂಪು. 19ನೇ ಶತಮಾನದಲ್ಲೂ ಪಕ್ಷಿತಜ್ಞರು ಇವನ್ನು ಎರಡು ಬೇರೆ ಪ್ರಭೇದಗಳೆಂದೇ ನಂಬಿದ್ದರು! ಕೊರಳಪಟ್ಟಿಯ ಗಿಳಿಯಲ್ಲಿ ಗಂಡಿಗೆ ಪಟ್ಟಿ ಮೂಡಲು ಒಂದೂವರೆಯಿಂದ ಮೂರು ವರ್ಷ ಬೇಕು, ಹಾಗಾಗಿ ಪಟ್ಟಿಯಿಲ್ಲದ ಮರಿಯನ್ನು ಹೆಣ್ಣೆಂದುಬಿಡಬೇಡಿ. ಬಡ್ಜಿ ಎಂಬ ಪುಟ್ಟ ಸಾಕುಗಿಳಿ ಬೆಳೆದು ದೊಡ್ಡದಾದ ಮೇಲೆ ಕೊಕ್ಕಿನ ಮೇಲಿನ ಮೆತ್ತನೆಯ ಚರ್ಮ ಗಾಢ ನೀಲಿಯಿದ್ದರೆ ಗಂಡು. ಕಂದು ಅಥವಾ ಹೊಳ್ಳೆಗಳ ಸುತ್ತ ಬಿಳಿ ಉಂಗುರವಿರುವ ತಿಳಿನೀಲಿಯಾದರೆ ಹೆಣ್ಣು. ಲುಟಿನೋ (ಹಳದಿ), ಆಲ್ಬಿನೋ (ಬಿಳಿ) ಗಂಡುಗಳದ್ದು ಮಾತ್ರ ದೊಡ್ಡವಾದರೂ ಗುಲಾಬಿಯಾಗಿಯೇ ಉಳಿಯುತ್ತದೆ. ಮಕಾವ್, ಅಮೆಜಾನ್ ಗಿಳಿಗಳಲ್ಲಿ ನಮ್ಮ ಕಣ್ಣನ್ನು ನಂಬುವ ಹಾಗೇ ಇಲ್ಲ.

ಅಲ್ಲಿಗೆ ಡಿಎನ್‌ಎ ಪರೀಕ್ಷೆಯೇ ಗತಿ, ಮತ್ತು ಅದರ ಉಪಾಯ ಸೊಗಸಾಗಿದೆ. ಹಕ್ಕಿಗಳ ಲೆಕ್ಕ ಮನುಷ್ಯರಿಗೆ ತಿರುವುಮುರುವು: ಗಂಡಿನಲ್ಲಿ ಎರಡು ಝಡ್ ವರ್ಣತಂತುಗಳು, ಹೆಣ್ಣಿನಲ್ಲಿ ಒಂದು ಝಡ್, ಒಂದು ಡಬ್ಲ್ಯು. ಸಿಎಚ್‌ಡಿ1 ಎಂಬ ಜೀನ್ ಝಡ್, ಡಬ್ಲ್ಯು ಎರಡರಲ್ಲೂ ಇದೆ, ಆದರೆ ಅದರೊಳಗಿನ ಒಂದು ತುಣುಕಿನ ಉದ್ದ ಎರಡರಲ್ಲೂ ಒಂದೇ ಅಲ್ಲ. ಪಿಸಿಆರ್ ಎಂಬ ಡಿಎನ್‌ಎ ನಕಲು ವಿಧಾನದಲ್ಲಿ ಆ ತುಣುಕನ್ನೇ ಲಕ್ಷಗಟ್ಟಲೆ ನಕಲು ಮಾಡಿ, ಜೆಲ್‌ನಲ್ಲಿ ಹಾಕಿ ವಿದ್ಯುತ್ ಹರಿಸಿದರೆ ಗಿಡ್ಡನೆಯದು ಬೇಗ ಸರಿಯುತ್ತದೆ, ಉದ್ದನೆಯದು ಹಿಂದುಳಿಯುತ್ತದೆ. ಒಂದೇ ಗೆರೆ ಕಂಡರೆ ಗಂಡು, ಎರಡಾದರೆ ಹೆಣ್ಣು. ತಪ್ಪು ನುಸುಳುವುದೂ ಇಲ್ಲೇ. ಮಾದರಿ ಹಳಸಿ ಡಬ್ಲ್ಯು ತುಣುಕು ನಕಲಾಗದಿದ್ದರೆ ಹೆಣ್ಣು ಗಂಡಾಗಿ ಕಾಣುತ್ತದೆ; ಪಕ್ಕದ ಹೆಣ್ಣಿನ ಪುಕ್ಕದ ಧೂಳು ಸೇರಿದರೆ ಗಂಡೇ ಹೆಣ್ಣಾಗುತ್ತದೆ.

ಆದ್ದರಿಂದ ಪರೀಕ್ಷೆಗೆ ಕಳಿಸಲು ಪಂಜರದಡಿ ಉದುರಿದ ಗರಿ ಬೇಡ, ಅದರ ಬುಡದಲ್ಲಿ ಜೀವಕೋಶಗಳು ತೀರಾ ಕಡಿಮೆ. ಎದೆಯ ನಾಲ್ಕೈದು ಸಣ್ಣ ಗರಿಗಳನ್ನು ಬುಡದ ಹತ್ತಿರ ಹಿಡಿದು, ಬೆಳೆದ ದಿಕ್ಕಿಗೇ ಚಕ್ಕನೆ ಎಳೆಯಿರಿ. ಚರ್ಮದೊಳಗಿದ್ದ ತುದಿಯನ್ನು ಮಾತ್ರ ಮುಟ್ಟಬೇಡಿ. ರೆಕ್ಕೆ, ಬಾಲದ ಎಳೆಗರಿಯಲ್ಲಿ ರಕ್ತ ಹರಿಯುತ್ತಿರುತ್ತದೆ, ಅದರ ತಂಟೆಗೆ ಹೋಗಬೇಡಿ. ಒಂದು ಹಕ್ಕಿಗೆ ಒಂದು ಕಾಗದದ ಲಕೋಟೆ. ಪ್ಲಾಸ್ಟಿಕ್‌ನಲ್ಲಿ ತೇವ ನಿಂತು ಬೂಷ್ಟು ಹಿಡಿಯುತ್ತದೆ. ಮುಂದಿನ ಹಕ್ಕಿಯನ್ನು ಮುಟ್ಟುವ ಮೊದಲು ಕೈ ತೊಳೆಯಿರಿ.

ಇಷ್ಟಾಗಿಯೂ ವರದಿ ತಪ್ಪಬಹುದು, ಮತ್ತು ಹೆಣ್ಣು ಗಿಳಿ ಜೋಡಿಯಿಲ್ಲದೆಯೂ ಮೊಟ್ಟೆಯಿಡುತ್ತದೆ. ವರದಿಯಲ್ಲಿ ‘ಗಂಡು’ ಎಂದಿರುವ ಹಕ್ಕಿ ಪುಕ್ಕ ಉಬ್ಬಿಸಿ ಪಂಜರದ ತಳದಲ್ಲಿ ಕುಳಿತು ತಿಣುಕುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ಆಗ ವರದಿ ಬದಿಗಿಟ್ಟು ತಕ್ಷಣ ಪಶುವೈದ್ಯರ ಬಳಿಗೆ ಒಯ್ಯಿರಿ.